ಖಾಡಿಯ ದಂಡೆಯಲ್ಲಿ ಕೋಡಂಗಿ ಮೀನು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಬದುಕನ್ನು ಕುರಿತು ಬರೆಯುವಾಗ ನಾವು ಸಾಮಾನ್ಯವಾಗಿ ರೈಲನ್ನು, ಕಾರ್ಖಾನೆಯನ್ನು, ಹೋಟೆಲನ್ನು, ರಾತ್ರಿಶಾಲೆಯನ್ನು ನೆನೆಯುತ್ತೇವೆ. ಉಪ್ಪುನೀರನ್ನು ನೆನೆಯುವುದು ಕಡಿಮೆ. ಆದರೆ ಈ ಊರುಗಳನ್ನು ಒಂದಕ್ಕೊಂದು ಕಟ್ಟಿದ್ದು ರೈಲುಹಳಿಗಿಂತ ಮೊದಲು ಉಪ್ಪುನೀರೇ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ, ಮರುವರ್ಷ ಕಲ್ಯಾಣಕ್ಕೆ ರೈಲು ಬರುವ ಮುನ್ನ ದೋಣಿಗಳೇ ಇಲ್ಲಿನ ಸಂಚಾರಕ್ಕೆ ಆಧಾರವಾಗಿದ್ದವು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನ ಕೈಪಿಡಿಯಾದ ಪೆರಿಪ್ಲಸ್‌ನಲ್ಲಿ ಕಲ್ಯಾಣದ ಹೆಸರಿದೆ. ಕಾನ್ಹೇರಿಯ ಗುಹಾಶಾಸನಗಳಲ್ಲಿ ಕಲ್ಯಾಣದ ವರ್ತಕರ ದಾನಗಳಿವೆ. ಕನ್ನಡಿಗರ ನಾಲಿಗೆಯ ಮೇಲೆ ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣ. ಈ ಕಲ್ಯಾಣವಾದರೋ ಹಡಗುಗಳ ಕಲ್ಯಾಣ. ಮರಾಠಿಯಲ್ಲಿ ಖಾಡಿ ಎಂದು ಕರೆಯುವ ಕಡಲ ತೋಳು ಇಂದಿಗೂ ಈ ಊರುಗಳ ಮಗ್ಗುಲಲ್ಲಿ ದಿನಕ್ಕೆರಡು ಬಾರಿ ಏರಿಳಿಯುತ್ತದೆ.

ಇಂಥ ಊರುಗಳ ಮನೆಗಳೊಳಗೆ, ಮೂರನೆಯ ಮಹಡಿಯ ದಿವಾನಖಾನೆಯ ಮೂಲೆಯಲ್ಲಿ, ಇಂದು ಇನ್ನೊಂದು ಬಗೆಯ ಉಪ್ಪುನೀರು ಕಾಣಸಿಗುತ್ತದೆ. ನೂರಿನ್ನೂರು ಲೀಟರಿನ ಗಾಜಿನ ತೊಟ್ಟಿ, ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಗಳನ್ನು ಕಟ್ಟಿಕೊಂಡ ಒಂದು ಜೋಡಿ ಮೀನು. ಇಂಗ್ಲಿಷಿನವರು ಅದನ್ನು ಕ್ಲೌನ್ ಮೀನು ಎಂದರು. ಯಕ್ಷಗಾನ ಕಂಡ ನಮ್ಮವರಿಗೆ ಕೋಡಂಗಿ ಮೀನು ಎನ್ನಲು ಅಡ್ಡಿಯಿಲ್ಲ; ಬಣ್ಣ ಬಳಿದುಕೊಂಡ ಆ ಮುಖ, ಕುಪ್ಪಳಿಸುತ್ತ ಓಲಾಡುತ್ತ ಈಜುವ ಆ ನಡೆ ರಂಗಕ್ಕೆ ಮೊದಲು ಬರುವ ಕೋಡಂಗಿಯನ್ನೇ ನೆನಪಿಸುತ್ತದೆ. ಬೆರಳುದ್ದದ ಈ ಮೀನು ಮನೆಯೊಳಗೆ ಬದುಕಲು, ಅದಕ್ಕೂ ಮಿಗಿಲಾಗಿ ಮನೆಯೊಳಗೇ ಹುಟ್ಟಲು, ಮನುಷ್ಯ ಎಷ್ಟು ಕಾಲ ಏನೇನು ಕಲಿಯಬೇಕಾಯಿತು ಎಂಬುದು ಒಂದು ಇತಿಹಾಸ. ಆ ಇತಿಹಾಸದ ಒಂದು ಇತ್ತೀಚಿನ ಅಧ್ಯಾಯ ನಮ್ಮ ಏರೋಳಿಯಲ್ಲೇ ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಲೇಖನ.

ಮೊದಲು ಮೀನಿನ ಪರಿಚಯ. ಸುಮಾರು 30 ಜಾತಿಯ ಕೋಡಂಗಿ ಮೀನುಗಳು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್ ಸಾಗರಗಳ ಬೆಚ್ಚನೆಯ ಹವಳದಿಬ್ಬಗಳಲ್ಲಿ ಬದುಕುತ್ತವೆ. ಯುರೋಪಿನ ವಿದ್ವಾಂಸರು ಅವನ್ನು ಮೊದಲು ಕಂಡದ್ದು ಸೀಸೆಗಳಲ್ಲಿ, ಸತ್ತ ನಮೂನೆಗಳಾಗಿ. ಲಿನೇಯಸ್ 1758ರಲ್ಲೇ ಒಂದು ಜಾತಿಗೆ ಹೆಸರಿಟ್ಟಿದ್ದ. ಲಾಸೆಪೇಡ್ 1802ರಲ್ಲಿ ಪರ್ಕ್ಯುಲಾ ಎಂಬುದನ್ನೂ, ಕ್ಯುವಿಯೇ 1830ರಲ್ಲಿ ಇಂದು ಮನೆಮನೆಗಳಲ್ಲಿ ಕಾಣುವ ಒಸೆಲ್ಲಾರಿಸ್ ಎಂಬುದನ್ನೂ ವರ್ಣಿಸಿದರು. ನಮ್ಮ ಪೂರ್ವ ಕರಾವಳಿಯಲ್ಲಿ ಸಿಗುವ ಸೇಬೇ ಎಂಬ ಜಾತಿಗೆ ಬ್ಲೀಕರ್ 1853ರಲ್ಲಿ ಕೊಟ್ಟ ಹೆಸರು ಆಮ್‌ಸ್ಟರ್‌ಡ್ಯಾಮಿನ ಹಳೆಯ ಸಂಗ್ರಾಹಕ ಆಲ್ಬರ್ಟಸ್ ಸೇಬಾನನ್ನು ನೆನಪಿಸುತ್ತದೆ. ಭಾರತದಲ್ಲಿ ಇವುಗಳ ತವರು ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಅಂಡಮಾನ್. ಕೆಸರು ತುಂಬಿದ ಮುಂಬಯಿಯ ತೀರ ಅವುಗಳ ತವರಲ್ಲ.

ಸತ್ತ ಮೀನಿಗೆ ಹೆಸರಿಟ್ಟವರಿಗೆ ಅದರ ಸಂಸಾರ ತಿಳಿದಿರಲಿಲ್ಲ. 1868ರಲ್ಲಿ ಕತ್ಬರ್ಟ್ ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ದಕ್ಷಿಣ ಚೀನಾ ಸಮುದ್ರದಲ್ಲಿ ಕಂಡ ಒಂದು ಸಂಗತಿಯನ್ನು ಪ್ರಕಟಿಸಿದ. ಹೂವಿನಂತೆ ಕಾಣುವ, ಆದರೆ ಮುಟ್ಟಿದರೆ ಕುಟುಕುವ ಕಡಲಹೂ ಎಂಬ ದೊಡ್ಡ ಪ್ರಾಣಿಯ ಎಸಳುಗಳ ನಡುವೆ ಸಣ್ಣ ಮೀನುಗಳು ನಿರ್ಭಯವಾಗಿ ಓಡಾಡುತ್ತಿದ್ದವು. ಬೇರೆ ಮೀನುಗಳಿಗೆ ಸಾವಾಗುವ ಆ ಎಸಳು ಇವಕ್ಕೆ ತೊಟ್ಟಿಲು. ಮೈಮೇಲಿನ ಲೋಳೆಯ ವಿಶೇಷ ಗುಣವೇ ಇದಕ್ಕೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹೀಗೆ ಆಶ್ರಯ ಕೊಡುವ ಕಡಲಹೂಗಳು ಹತ್ತು ಜಾತಿಯವು ಮಾತ್ರ. ಆದ್ದರಿಂದ ಕೋಡಂಗಿ ಮೀನು ಅಲೆಮಾರಿಯಲ್ಲ. ಒಂದು ಹೂವಿನ ಸುತ್ತ ಇಡೀ ಆಯುಷ್ಯ ಕಳೆಯುವ ಗೃಹಸ್ಥ. ಈ ಗೃಹಸ್ಥಗುಣವೇ ಮುಂದೆ ಅದು ಮನುಷ್ಯನ ಮನೆಯಲ್ಲಿ ಸುಖವಾಗಿರಲು ಕಾರಣವಾಯಿತು, ಮನುಷ್ಯನ ಕೈಗೆ ಸುಲಭವಾಗಿ ಸಿಕ್ಕಿಬೀಳಲೂ ಕಾರಣವಾಯಿತು.

ಕಡಲ ಜೀವಿಗಳನ್ನು ಗಾಜಿನ ಹಿಂದೆ ಉಳಿಸಿಕೊಳ್ಳುವ ಪ್ರಯತ್ನಕ್ಕೆ ಸುಮಾರು 180 ವರ್ಷಗಳ ಚರಿತ್ರೆಯಿದೆ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಲಂಡನ್ನಿನ ತನ್ನ ಮನೆಗೆ ಹವಳಗಳನ್ನು ತಂದು, ದಿನವೂ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಸಿ ಗಾಳಿಯಾಡಿಸಿ ಅವನ್ನು ಉಳಿಸಿಕೊಂಡಳು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ನೀರಿನಲ್ಲಿ ಬೆಳೆಯುವ ಸಸ್ಯ ಮತ್ತು ಪ್ರಾಣಿಗಳು ಒಂದಕ್ಕೊಂದು ಉಸಿರು ಕೊಟ್ಟು ಸಮತೋಲದಲ್ಲಿರಬಲ್ಲವೆಂದು ತೋರಿಸಿದ. 1853ರಲ್ಲಿ, ಠಾಣೆಗೆ ರೈಲು ಬಂದ ವರ್ಷದಲ್ಲೇ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಶಬ್ದ ಜನಬಳಕೆಗೆ ಬಂತು. ಭಾರತದಲ್ಲಿ 1909ರಲ್ಲಿ ಮದರಾಸಿನ ಮರೀನಾ ತೀರದಲ್ಲಿ ಇಂಥ ಮತ್ಸ್ಯಾಲಯ ತೆರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು.

ನಮ್ಮ ಭಾಗದವರಿಗೆ ಕಡಲ ಮೀನನ್ನು ಗಾಜಿನ ಹಿಂದೆ ತೋರಿಸಿದ್ದು ಮರೀನ್ ಡ್ರೈವಿನ ತಾರಾಪೊರವಾಲಾ ಮತ್ಸ್ಯಾಲಯ. ಪಾರಸಿ ದಾನಿಯ ಹೆಸರು ಹೊತ್ತ ಆ ಸಂಸ್ಥೆ 1951ರಲ್ಲಿ ತೆರೆಯಿತು. ಉದ್ಘಾಟಿಸಿದವರು ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್. ಠಾಣೆ, ಡೊಂಬಿವಲಿಗಳ ಶಾಲಾಮಕ್ಕಳ ಪ್ರವಾಸವೆಂದರೆ ರಾಣಿಬಾಗ್ ಮತ್ತು ಈ ಮತ್ಸ್ಯಾಲಯ ಎಂಬಂಥ ಕಾಲವೊಂದಿತ್ತು. ನವೀಕರಣಗೊಂಡು 2015ರಲ್ಲಿ ಅದು ಮತ್ತೆ ತೆರೆದಾಗ ಹೊಸ ತಲೆಮಾರಿನ ಮಕ್ಕಳು ಅಲ್ಲಿ ಹುಡುಕಿದ್ದು ಒಂದೇ ಮೀನನ್ನು: 2003ರ ಅಮೆರಿಕನ್ ಚಲನಚಿತ್ರದಿಂದ ನೀಮೋ ಎಂದು ಹೆಸರಾದ ಕೋಡಂಗಿ ಮೀನನ್ನು. ಆ ಚಿತ್ರದಿಂದಾಗಿ ಲೋಕದ ತುಂಬ ಈ ಮೀನಿನ ಬೇಟೆ ಹೆಚ್ಚಿತೆಂಬ ಮಾತು ಹರಡಿತು. ಮುಂದೆ ಲೆಕ್ಕಪತ್ರ ಪರಿಶೀಲಿಸಿದ ಸಂಶೋಧಕರಿಗೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಆದರೆ ಮಕ್ಕಳ ಬಾಯಲ್ಲಿ ಆ ಹೆಸರು ನಿಂತಿತೆಂಬುದಕ್ಕೆ ಯಾವ ಸಂಶೋಧನೆಯೂ ಬೇಕಾಗಿಲ್ಲ.

ಮತ್ಸ್ಯಾಲಯ ಕಡಲದಂಡೆಯಲ್ಲಿದೆ. ಮನೆಗೆ ಕಡಲನ್ನು ತರುವುದು ಹೇಗೆ? ಇಲ್ಲಿ ಉಪ್ಪಿನ ಕತೆ ಬರುತ್ತದೆ. ಭಾಂಡೂಪ್, ಮುಲುಂಡ್‌ಗಳಿಂದ ಠಾಣೆಯ ತನಕ ಖಾಡಿಯ ಅಂಚಿನಲ್ಲಿ ಉಪ್ಪಿನಾಗರಗಳಿದ್ದವು. ಕೆಲವು ಇಂದಿಗೂ ಉಳಿದಿವೆ. ಕಡಲನೀರನ್ನು ಮಡಿಗಳಲ್ಲಿ ಕಟ್ಟಿ ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುವುದು ಇಲ್ಲಿನ ಆಗ್ರಿ ಜನರ ಹಳೆಯ ಕಸುಬು. ಹಾಗಿದ್ದರೆ ಅದೇ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಕಡಲು ಮರಳಬೇಕಲ್ಲ? ಮರಳುವುದಿಲ್ಲ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಕ್ಲೋರೈಡ್ ಶೇ. 55, ಸೋಡಿಯಂ ಶೇ. 30ರಷ್ಟು, ಉಳಿದದ್ದು ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ ಮುಂತಾದವು. ಆಗರದ ಮಡಿಯಲ್ಲಿ ಅಡುಗೆಯ ಉಪ್ಪು ಹರಳುಗಟ್ಟಿದಾಗ ಮೆಗ್ನೀಷಿಯಂ ಮೊದಲಾದವು ಕಹಿನೀರಿನಲ್ಲೇ ಉಳಿದುಹೋಗುತ್ತವೆ. ಮನುಷ್ಯನ ಊಟಕ್ಕೆ ಬೇಡವಾದ ಆ ಕಹಿಯೇ ಮೀನಿನ ಬದುಕಿಗೆ ಬೇಕು.

ಲೋಕದ ಎಲ್ಲ ಕಡಲುಗಳಲ್ಲಿ ಉಪ್ಪಿನ ಪ್ರಮಾಣ ಹೆಚ್ಚುಕಡಿಮೆಯಾದರೂ ಲವಣಗಳ ಪರಸ್ಪರ ಅನುಪಾತ ಬಹುಮಟ್ಟಿಗೆ ಒಂದೇ ಎಂದು ಅಲೆಕ್ಸಾಂಡರ್ ಮಾರ್ಸೆಟ್ 1819ರಲ್ಲಿ ಹೇಳಿದ್ದ. ಚಾಲೆಂಜರ್ ಹಡಗು 1872ರಿಂದ 1876ರ ತನಕ ಲೋಕ ಸುತ್ತಿ ತಂದ ನೀರಿನ 77 ನಮೂನೆಗಳನ್ನು ಪರೀಕ್ಷಿಸಿ ವಿಲಿಯಂ ಡಿಟ್‌ಮಾರ್ 1884ರಲ್ಲಿ ಅದನ್ನು ಸ್ಥಾಪಿಸಿದ. ಕಡಲಿಗೊಂದು ಪಾಕಸೂತ್ರವಿದೆ ಎಂದಾದ ಮೇಲೆ ಅದನ್ನು ಅಡುಗೆಮನೆಯಲ್ಲೂ ಮಾಡಬಹುದು. 1960ರ ದಶಕದ ನಡುವಿನಲ್ಲಿ ಅಮೆರಿಕ ಮತ್ತು ಜರ್ಮನಿಗಳಲ್ಲಿ ಸಿದ್ಧ ಕಡಲುಪ್ಪಿನ ಪೊಟ್ಟಣಗಳು ಮಾರುಕಟ್ಟೆಗೆ ಬಂದವು. ಕಡಲಿನಿಂದ ನೂರಾರು ಮೈಲಿ ದೂರದವರೂ ಕಡಲ ಮೀನು ಸಾಕಬಹುದಾಯಿತು. ಇಂದು ಡೊಂಬಿವಲಿಯ ಹವ್ಯಾಸಿ ಮಾಡುವುದು ಇದನ್ನೇ. ಕಲ್ಯಾಣ-ಡೊಂಬಿವಲಿಯ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ನೀರು. ಅದನ್ನು ಶುದ್ಧೀಕರಣ ಯಂತ್ರದಲ್ಲಿ ಸೋಸಿ ಕ್ಲೋರಿನ್ ತೆಗೆದು, ಅಳತೆಯ ಕಡಲುಪ್ಪು ಬೆರೆಸುತ್ತಾನೆ. ವಸಯಿಯ ಖಾಡಿಯಲ್ಲಿ ಕಡಲು ಸೇರಬೇಕಾದ ನದಿ ಅವನ ಮನೆಯ ಬಾಲ್ದಿಯಲ್ಲೇ ಕಡಲಾಗುತ್ತದೆ.

ನೀರು ಉಪ್ಪಾದರೆ ಸಾಲದು, ಜೀವಂತವಾಗಬೇಕು. ಮೀನು ತಿಂದು ಬಿಟ್ಟದ್ದು ಅಮೋನಿಯ ಎಂಬ ವಿಷವಾಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಲದ ಮಣ್ಣಿನಲ್ಲಿ ನಡೆಯುವ ಈ ಕ್ರಿಯೆಯ ರಹಸ್ಯವನ್ನು ರಷ್ಯದ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಬಿಡಿಸಿದ. ಮನೆಯ ತೊಟ್ಟಿಯಲ್ಲಿ ಈ ಅದೃಶ್ಯ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರ ತನಕ ಮೀನಿಲ್ಲದ ತೊಟ್ಟಿಯಲ್ಲಿ ಪಂಪು ತಿರುಗುತ್ತಿರಬೇಕು. ನೆರೆಯವರು ಬಂದು ಮೀನೆಲ್ಲಿ ಎಂದು ಕೇಳುವ ಈ ದಿನಗಳಲ್ಲೇ ಹವ್ಯಾಸಿಯ ತಾಳ್ಮೆಯ ಪರೀಕ್ಷೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬಾತ ಕಡಲಿನಿಂದ ತಂದ ಜೀವಂತ ಕಲ್ಲುಗಳನ್ನೂ ಗಾಳಿಯ ಗುಳ್ಳೆಗಳನ್ನೂ ಮಾತ್ರ ಬಳಸಿ ಈ ಕೆಲಸ ಸಾಧಿಸಿದ ಬಗೆಯನ್ನು ಬರೆದು ಹೆಸರಾದ. ಆದರೆ ಭಾರತದಲ್ಲಿ ಆ ದಾರಿ ನಮಗೆ ತೆರೆದಿಲ್ಲ. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ತಂದ ಮೇಲೆ ಹವಳಕಲ್ಲನ್ನು ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ. ಹವಳಕಲ್ಲಿನ ಕೆಲಸವನ್ನು ಇಲ್ಲಿ ರಂಧ್ರಗಳುಳ್ಳ ಸಿರಾಮಿಕ್ ತುಂಡುಗಳಿಂದ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ಕಲಿತ ಮೇಲೂ ಒಂದು ಸಂಗತಿ ಬಹುಕಾಲ ಬದಲಾಗಲಿಲ್ಲ. ತೊಟ್ಟಿಗೆ ಬರುವ ಮೀನು ಕಡಲಿನಲ್ಲಿ ಹಿಡಿದದ್ದೇ ಆಗಿರುತ್ತಿತ್ತು. 1960ರ ದಶಕದಲ್ಲಿ ಫಿಲಿಪೀನ್ಸಿನಲ್ಲಿ ಹವಳದ ಸಂದುಗಳಿಗೆ ಸಯನೈಡ್ ಬೆರೆತ ನೀರನ್ನು ಚಿಮುಕಿಸಿ ಮೀನನ್ನು ಮಂಪರುಗೊಳಿಸಿ ಹಿಡಿಯುವ ರೂಢಿ ಶುರುವಾಯಿತು. ಹೀಗೆ ಹಿಡಿದ ಮೀನುಗಳಲ್ಲಿ ಬಹಳಷ್ಟು ಅಂಗಡಿ ತಲುಪುವ ಮೊದಲೇ, ಇಲ್ಲವೇ ತಲುಪಿದ ಕೆಲವೇ ವಾರಗಳಲ್ಲಿ ಸತ್ತವು. ವಿಷ ತಾಗಿದ ಹವಳವೂ ಸತ್ತಿತು. ಒಂದು ಹೂವಿನ ಸುತ್ತಲೇ ವಾಸಿಸುವ ಕೋಡಂಗಿ ಮೀನಿಗೆ ಓಡಿಹೋಗಿ ಬದುಕುವುದು ಗೊತ್ತಿಲ್ಲ. ಹೂವನ್ನು ಕಂಡವನಿಗೆ ಮೀನೂ ಸಿಕ್ಕಿತೆಂದೇ ಅರ್ಥ. ಕಾಡಿನಲ್ಲಿ ಎರಡು ಮೂರು ದಶಕ ಬಾಳಬಲ್ಲ ಜೀವವೊಂದು ಮೂರನೆಯ ತಿಂಗಳಲ್ಲಿ ಗಾಜಿನ ತಳಕ್ಕೆ ಬೀಳುತ್ತಿದ್ದುದು ಹವ್ಯಾಸದ ಹೆಸರಿನಲ್ಲಿ ನಡೆದ ಹಿಂಸೆ.

ಕರಾವಳಿಯ ಓದುಗರಿಗೆ ಇಂಥದ್ದೇ ಇನ್ನೊಂದು ಕತೆ ಗೊತ್ತಿದೆ. ದಕ್ಷಿಣ ಕನ್ನಡ, ಉಡುಪಿ, ಕಾರವಾರಗಳ ತೀರದಲ್ಲಿ ಇಡೀ ಊರೇ ಕೂಡಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗೆ ಸೋತು ಮೂಲೆ ಸೇರಿತು. ಮುಂಬಯಿಯಲ್ಲಿ 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ಸಮಾಜದ ಹಿರಿಯರು ಈ ಮಾರ್ಪಾಟನ್ನು ಊರಿನ ಪತ್ರಗಳ ಮೂಲಕ ತಿಳಿದು ಕಳವಳಪಟ್ಟವರು. ನೆಲದ ಮೇಲೆ ಮನುಷ್ಯ ಬೇಟೆ ಬಿಟ್ಟು ಬೇಸಾಯಕ್ಕೆ ಬಂದು ಹತ್ತು ಸಾವಿರ ವರ್ಷಗಳಾಗಿವೆ. ಕಡಲಿನಲ್ಲಾದರೋ ಅವನು ಇಂದಿಗೂ ಮುಖ್ಯವಾಗಿ ಬೇಟೆಗಾರ. ಹಿಡಿಯುವುದರಿಂದ ಬೆಳೆಸುವುದಕ್ಕೆ ಕಡಲಿನಲ್ಲಿ ಆಗುತ್ತಿರುವ ದಾಟು ನಮ್ಮ ಜೀವಿತಕಾಲದಲ್ಲೇ, ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಅಲಂಕಾರದ ಮೀನುಗಳ ಲೋಕದಲ್ಲಿ ಆ ದಾಟನ್ನು ಮೊದಲು ದಾಟಿದವುಗಳಲ್ಲಿ ಈ ಕೋಡಂಗಿಯೂ ಒಂದು.

1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮಾರ್ಟಿನ್ ಮೋ ಎಂಬ ಮತ್ಸ್ಯವಿಜ್ಞಾನಿ ತನ್ನ ಮನೆಯ ಗ್ಯಾರೇಜಿನಲ್ಲಿ ಕೋಡಂಗಿ ಮೀನಿನ ಮರಿಗಳನ್ನು ವಾಣಿಜ್ಯದ ಪ್ರಮಾಣದಲ್ಲಿ ಬೆಳೆಸುವ ವಿಧಾನ ರೂಪಿಸಿದ. ಮೀನು ಮೊಟ್ಟೆಯಿಡುವುದು ಕಷ್ಟದ ಸಂಗತಿಯಾಗಿರಲಿಲ್ಲ; ಮರಿಗೆ ತಿನ್ನಿಸುವುದು ಕಷ್ಟವಾಗಿತ್ತು. ಮೊಟ್ಟೆಯೊಡೆದ ಮರಿ ಮೂರು ನಾಲ್ಕು ಮಿಲಿಮೀಟರಿನದು. ಅದರ ಬಾಯಿಗೆ ಹಿಡಿಯುವ, ಜೊತೆಗೆ ಜೀವಂತವಾಗಿ ಚಲಿಸುವ ಆಹಾರ ಬೇಕು. ಇದಕ್ಕೆ ಉತ್ತರ ಸಿಕ್ಕಿದ್ದು ಜಪಾನಿನಿಂದ. ಅಲ್ಲಿನ ಹಾವುಮೀನಿನ ಕೊಳಗಳಲ್ಲಿ ಪೀಡೆಯೆನಿಸಿದ್ದ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನು ಮೀನುಮರಿಗಳ ಆಹಾರವಾಗಿ ಬಳಸಬಹುದೆಂದು ತಕಾಶಿ ಇತೋ 1960ರಲ್ಲಿ ತೋರಿಸಿದ್ದರು. ಹಸಿರು ಪಾಚಿಯನ್ನು ರೋಟಿಫರಿಗೆ, ರೋಟಿಫರನ್ನು ಮರಿಗೆ, ಮರಿ ದೊಡ್ಡದಾದಂತೆ ಉಪ್ಪುಕೊಳದ ಆರ್ಟೀಮಿಯ ಸೀಗಡಿಯನ್ನು ಉಣಿಸುವ ಈ ಸರಪಳಿಯ ಮೇಲೆ ಇಂದಿನ ಎಲ್ಲ ಹ್ಯಾಚರಿಗಳೂ ನಿಂತಿವೆ. ಒಂದು ಮೀನನ್ನು ಬೆಳೆಸಲು ಮೂರು ಬೆಳೆ ತೆಗೆಯಬೇಕು ಎನ್ನಬಹುದು.

ಮೀನಿನ ದಾಂಪತ್ಯದ ಗುಟ್ಟು ಬಯಲಾದದ್ದೂ ಅದೇ ದಶಕದಲ್ಲಿ. ಹಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೋಡಂಗಿ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸರದಿಯಲ್ಲಿ ಕಾಯುವ ಎಳೆಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಕಾಯುತ್ತಿದ್ದವುಗಳಲ್ಲಿ ಮೊದಲನೆಯದು ಗಂಡಿನ ಸ್ಥಾನಕ್ಕೆ ಏರುತ್ತದೆ. ಇಳೆ–ಸುದ್ಯುಮ್ನರ ಪುರಾಣಕತೆ ಕೇಳಿ ಬೆಳೆದ ನಮಗೆ ಇದು ತೀರ ಅಪರಿಚಿತವೆನಿಸದು. ಸಾಕುವವರಿಗೆ ಈ ಜ್ಞಾನದಿಂದ ದೊಡ್ಡ ಅನುಕೂಲವಾಯಿತು. ಗಂಡುಹೆಣ್ಣೆಂದು ಆರಿಸಿ ತರಬೇಕಾಗಿಲ್ಲ. ಎರಡು ಎಳೆಯ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕಾಲಕ್ರಮದಲ್ಲಿ ಅವೇ ಜೋಡಿಯಾಗುತ್ತವೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಮೀನಿಗೆ ಕಡಲಹೂವೂ ಬೇಕಿಲ್ಲ. ಹೂವಿಲ್ಲದಿದ್ದರೆ ಮಡಕೆಯ ಚೂರನ್ನೇ ಅದು ಮನೆ ಮಾಡಿಕೊಳ್ಳುತ್ತದೆ.

ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ದಕ್ಷಿಣದ ತೀರಗಳ ಸಂಶೋಧನಾಲಯಗಳು. ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯ ಜಿ. ಗೋಪಕುಮಾರ್ ಮತ್ತು ಸಂಗಡಿಗರು ಒಂದು ಜಾತಿಯ ಕೋಡಂಗಿ ಮೀನಿನ ಮರಿ ಬೆಳೆಸಿದ ವರದಿಯನ್ನು 1999ರಲ್ಲಿ ಪ್ರಕಟಿಸಿದರು. 2001ರಲ್ಲಿ ಸೇಬೇ ಜಾತಿಯ ಕುರಿತು, 2006ರಲ್ಲಿ ಪರ್ಕ್ಯುಲಾದ ಕುರಿತು ಅದೇ ಸಂಸ್ಥೆಯ ವಿಜ್ಞಾನಿಗಳ ವರದಿಗಳು ಬಂದವು. ನಮ್ಮ ದೃಷ್ಟಿಯಿಂದ ಇವೆಲ್ಲಕ್ಕಿಂತ ಮುಖ್ಯವಾದದ್ದು 2009ರ ಒಂದು ಲೇಖನ. ತಮಿಳುನಾಡಿನ ಪರಂಗಿಪೇಟೆಯಲ್ಲಿ, ವೆಳ್ಳಾರು ನದಿ ಕಡಲು ಸೇರುವಲ್ಲಿ, ಅಣ್ಣಾಮಲೈ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಕೇಂದ್ರವಿದೆ. ಅಲ್ಲಿ ಟಿ.ಟಿ. ಅಜಿತ್ ಕುಮಾರ್ ಮತ್ತು ಟಿ. ಬಾಲಸುಬ್ರಮಣಿಯನ್ ಒಸೆಲ್ಲಾರಿಸ್ ಮೀನನ್ನು ಅಳಿವೆಯ ನೀರಿನಲ್ಲೇ ಸಾಕಿ, ಮೊಟ್ಟೆಯಿಡಿಸಿ, ಮರಿ ಬೆಳೆಸಿದ್ದನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಹವಳದಿಬ್ಬದ ಸ್ವಚ್ಛ ನೀರಿನ ಮೀನು ನದೀಮುಖದ ಕಡಿಮೆ ಉಪ್ಪಿನ ನೀರಿಗೂ ಒಗ್ಗುತ್ತದೆ ಎಂದಾದರೆ, ಈ ಕಸುಬು ದ್ವೀಪಗಳಿಗೆ ಮಾತ್ರ ಸೀಮಿತವಾಗಬೇಕಿಲ್ಲ; ಖಾಡಿಯ ದಂಡೆಯವರಿಗೂ ಅದರಲ್ಲಿ ಪಾಲಿದೆ.

ನಮ್ಮ ಖಾಡಿಯ ದಂಡೆಯ ಸ್ಥಿತಿ ಏನು? 1960ರ ದಶಕದಲ್ಲಿ ಠಾಣೆ–ಬೇಲಾಪುರ ಪಟ್ಟಿಯಲ್ಲಿಯೂ ಡೊಂಬಿವಲಿಯಲ್ಲಿಯೂ ಕೈಗಾರಿಕಾ ವಸಾಹತುಗಳು ಎದ್ದವು. ಅನೇಕ ಕನ್ನಡ ಕುಟುಂಬಗಳ ಒಲೆ ಉರಿದದ್ದು ಆ ಕಾರ್ಖಾನೆಗಳ ಸಂಬಳದಿಂದ. ಅದೇ ಕಾರ್ಖಾನೆಗಳ ಹೊಲಸುನೀರು, ಬೆಳೆದ ನಗರಗಳ ಕೊಳಚೆ ಎರಡೂ ಖಾಡಿಗೆ ಹರಿದವು. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಮಳೆ ಬಿತ್ತು. 2020ರ ಫೆಬ್ರವರಿಯಲ್ಲಿ ಕೈಗಾರಿಕಾ ಪ್ರದೇಶದ ರಸ್ತೆಯೊಂದು ಗುಲಾಬಿ ಬಣ್ಣಕ್ಕೆ ತಿರುಗಿತು. ಪತ್ರಿಕೆಗಳಲ್ಲಿ ಬಣ್ಣ ಬಂತು. ಬಣ್ಣವಿಲ್ಲದೆ ಹರಿಯುವ ವಿಷಕ್ಕೆ ಚಿತ್ರವಿಲ್ಲ. ಖಾಡಿಯ ಮೀನನ್ನೇ ನಂಬಿದ್ದ ಕೋಳಿ ಮತ್ತು ಆಗ್ರಿ ಜನರ ಬಲೆಗಳು ಹಗುರಾದವು. ಊರಿನಿಂದ ವಲಸೆ ಬಂದವರಿಗೆ ಖಾಡಿ ರೈಲಿನ ಕಿಟಕಿಯ ಒಂದು ದೃಶ್ಯ. ಇಲ್ಲೇ ಹುಟ್ಟಿದ ಆ ಜನರಿಗೆ ಅದು ಹೊಲವಾಗಿತ್ತು.

ಇದಕ್ಕೆ ಎದುರಾಗಿ ನಡೆದ ಕೆಲಸಗಳೂ ಇವೆ. ಮಹಾರಾಷ್ಟ್ರದ ಅರಣ್ಯ ಇಲಾಖೆ 2012ರಲ್ಲಿ ಕಾಂಡ್ಲಾ ಕಾಡುಗಳ ರಕ್ಷಣೆಗೆಂದೇ ಪ್ರತ್ಯೇಕ ಘಟಕವನ್ನು ಸ್ಥಾಪಿಸಿತು. ಅದಕ್ಕೆ ಹೊಂದಿಕೊಂಡಂತೆ ಒಂದು ಪ್ರತಿಷ್ಠಾನವೂ ಬಂತು. 2015ರಲ್ಲಿ ಠಾಣೆ ಖಾಡಿಯ ಒಂದು ಭಾಗ ಫ್ಲೆಮಿಂಗೊ ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಪಕ್ಷಿ ನೋಡಲು ದೋಣಿ ಹತ್ತುವ ಏರೋಳಿಯಲ್ಲಿ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಅದೇ ಆವರಣದಲ್ಲಿ, ಕಾಂಡ್ಲಾ ಪ್ರತಿಷ್ಠಾನ ಮತ್ತು ಲಖನೌದ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಸಹಯೋಗದಲ್ಲಿ, ಕಡಲಿನ ಅಲಂಕಾರ ಮೀನುಗಳ ಹ್ಯಾಚರಿ ನಡೆಯುತ್ತಿದೆ. ಪರಂಗಿಪೇಟೆಯಲ್ಲಿ ಅಳಿವೆಯ ನೀರಿನ ಪ್ರಯೋಗ ನಡೆಸಿದ ಅಜಿತ್ ಕುಮಾರ್ ಈ ಸಂಸ್ಥೆಯಲ್ಲಿ ವಿಜ್ಞಾನಿಯಾಗಿ ಈ ಕೆಲಸವನ್ನು ಮುಂದುವರಿಸಿದವರು. ಲಕ್ಷದ್ವೀಪದ ಅಗತ್ತಿಯಲ್ಲಿ ಅದೇ ಸಂಸ್ಥೆ ದ್ವೀಪದ ಮಹಿಳೆಯರಿಗೆ ಕಡಲ ಅಲಂಕಾರ ಜೀವಿಗಳ ಸಾಕಣೆ ಕಲಿಸಿದೆ. ಏರೋಳಿಯ ಉದ್ದೇಶವೂ ಅಂಥದ್ದೇ. ಮೊಟ್ಟೆ, ಮರಿಗಳ ಸೂಕ್ಷ್ಮ ಕೆಲಸವನ್ನು ಹ್ಯಾಚರಿ ನೋಡಿಕೊಳ್ಳುತ್ತದೆ. ಪಟ್ಟೆ ಮೂಡಿದ ಮರಿಗಳನ್ನು ತೀರದ ಜನರ ಗುಂಪುಗಳು ಸಾಕಿ ಮಾರಾಟದ ಗಾತ್ರಕ್ಕೆ ತರುತ್ತವೆ. ಕಾಂಡ್ಲಾ ಕಾಡು ಉಳಿಸಿ ಎಂದು ತೀರದವರಿಗೆ ಉಪದೇಶಿಸುವುದಕ್ಕಿಂತ, ಆ ಕಾಡಿನ ಮಗ್ಗುಲಲ್ಲೇ ಅವರಿಗೊಂದು ಆದಾಯ ಕಲ್ಪಿಸುವುದು ಮೇಲೆಂಬ ತಿಳಿವಳಿಕೆ ಇದರ ಹಿಂದಿದೆ.

ಮನೆಯಲ್ಲೇ ಮರಿ ಮಾಡಿಸುವ ಹವ್ಯಾಸಿಗಳೂ ನಮ್ಮ ಊರುಗಳಲ್ಲಿದ್ದಾರೆ. ಅವರ ವಿಧಾನ ಗುಟ್ಟೇನಲ್ಲ. ನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿ, 26ರಿಂದ 28 ಡಿಗ್ರಿ ಶಾಖ, ಒರಗಿಸಿಟ್ಟ ಒಂದು ಮಣ್ಣಿನ ಕುಂಡ. ಪಳಗಿದ ಜೋಡಿ ಎರಡು ಮೂರು ವಾರಗಳಿಗೊಮ್ಮೆ ಆ ಕುಂಡದ ಮೈಯನ್ನು ಉಜ್ಜಿ ಶುಚಿ ಮಾಡಿ ನೂರಾರು ಕಿತ್ತಳೆ ಮೊಟ್ಟೆಗಳನ್ನಿಡುತ್ತದೆ. ಕಾವಲು ತಂದೆಯದು. ರೆಕ್ಕೆ ಬೀಸಿ ಗಾಳಿಯಾಡಿಸುವುದು, ಕೆಟ್ಟ ಮೊಟ್ಟೆಯನ್ನು ಕಿತ್ತೊಗೆಯುವುದು ಎಲ್ಲ ಅದರ ಕೆಲಸ. ಸುಮಾರು ಒಂದು ವಾರದ ಮೇಲೆ, ಮೊಟ್ಟೆಯೊಳಗೆ ಬೆಳ್ಳಿಯಂಥ ಕಣ್ಣುಗಳು ಹೊಳೆಯತೊಡಗಿದ ಬಳಿಕ, ದೀಪವಾರಿದ ಒಂದೆರಡು ಗಂಟೆಯೊಳಗೆ ಮರಿಗಳು ಹೊರಬರುತ್ತವೆ. ಮುಂದಿನ ಎಂಟು ಹನ್ನೆರಡು ದಿನ ನಿರ್ಣಾಯಕ. ಮರಿಗಳ ಸುತ್ತ ರೋಟಿಫರ್ ದಟ್ಟವಾಗಿರಬೇಕು, ನೀರು ಕೆಡಬಾರದು. ಆ ಗಡಿ ದಾಟಿದ ಮರಿಯ ತಲೆಯ ಹಿಂದೆ ಮೊದಲ ಬಿಳಿ ಪಟ್ಟೆ ಮೂಡುತ್ತದೆ. ಅಂದಿನಿಂದ ಅದು ಕೋಡಂಗಿ.

ನಮ್ಮ ಹವೆಯಲ್ಲಿ ಹೀಟರಿಗಿಂತ ಏಪ್ರಿಲ್–ಮೇ ತಿಂಗಳ ಸೆಕೆಯನ್ನು ಇಳಿಸುವ ಫ್ಯಾನು, ಚಿಲ್ಲರುಗಳದೇ ಚಿಂತೆ. ಅದಕ್ಕಿಂತ ದೊಡ್ಡದು ಕರೆಂಟಿನ ಚಿಂತೆ. 2005ರ ಜುಲೈ 26ರ ಮಹಾಮಳೆಯ ದಿನಗಳನ್ನೂ, ಆ ಸುಮಾರಿನ ವರ್ಷಗಳಲ್ಲಿ ಕಲ್ಯಾಣ, ಡೊಂಬಿವಲಿಗಳು ಅನುಭವಿಸಿದ ದಿನನಿತ್ಯದ ವಿದ್ಯುತ್ ಕಡಿತವನ್ನೂ ನೆನೆದರೆ, ಪಂಪು ನಿಂತ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣವಾಯು ಕುಸಿಯುವುದು ಎಂಥ ಆತಂಕವೆಂದು ತಿಳಿದೀತು. ಬ್ಯಾಟರಿಯ ಗಾಳಿಪಂಪು ಇಲ್ಲದೆ ಈ ಹವ್ಯಾಸಕ್ಕೆ ಕೈಹಾಕಬಾರದು ಎಂಬುದು ಇಲ್ಲಿನ ಅನುಭವಿಗಳ ಮೊದಲ ಪಾಠ.

ಕಾನೂನು ಈ ಹವ್ಯಾಸವನ್ನು ಹೇಗೆ ಕಂಡಿತೆಂಬುದನ್ನೂ ಹೇಳಬೇಕು. 2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಕ್ವೇರಿಯಂ ಅಂಗಡಿಗಳಿಗೆ ನಿಯಮಗಳನ್ನು ಹೊರಡಿಸಿ, ನಿರ್ಬಂಧಿಸಿದ 158 ಜಾತಿಗಳ ಪಟ್ಟಿಯಲ್ಲಿ ಕೋಡಂಗಿ ಮೀನನ್ನೂ ಸೇರಿಸಿತು. ಸಾಕಣೆದಾರರ ವಿರೋಧದ ಬಳಿಕ ಆ ನಿಯಮಗಳನ್ನು ಹಿಂತೆಗೆದುಕೊಳ್ಳಲಾಯಿತು. ಮೀನಿನ ಕಷ್ಟವನ್ನು ಗಮನಿಸಿದ್ದು ಸರಿ. ಆದರೆ ಕಡಲಿನಲ್ಲಿ ಹಿಡಿದದ್ದನ್ನೂ ತೊಟ್ಟಿಯಲ್ಲಿ ಹುಟ್ಟಿದ್ದನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸರಿಯಲ್ಲ ಎಂದು ನಾವು ತಿಳಿಯುತ್ತೇವೆ. ಮೊದಲನೆಯದು ಹವಳದಿಬ್ಬದಿಂದ ಕಳೆದುಹೋದ ಒಂದು ಜೀವ. ಎರಡನೆಯದು ಹವಳದಿಬ್ಬದ ಮೇಲಿನ ಕೈಯನ್ನು ಹಿಂದಕ್ಕೆಳೆಯುವ ಜೀವ, ಜೊತೆಗೆ ಯಾವುದೋ ತೀರದ ಮನೆಯೊಂದರ ದುಡಿಮೆ. ಕಾನೂನು ಮಾಡದ ಈ ವ್ಯತ್ಯಾಸವನ್ನು ಕೊಳ್ಳುವವರು ಮಾಡಬಹುದು. ಮಕ್ಕಳ ಹಟಕ್ಕೆ ಅಂಗಡಿ ಹೊಕ್ಕವರು ಬೆಲೆ ಕೇಳುವ ಮುನ್ನ ಮೀನು ಎಲ್ಲಿ ಹುಟ್ಟಿತೆಂದು ಕೇಳಲಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಬರಿಗೈಯಲ್ಲಿ ಹಿಂದಿರುಗಲಿ. ತೊಟ್ಟಿಯನ್ನು ಆರು ವಾರ ಕಾಯುವ ವ್ಯವಧಾನ ಇಲ್ಲದವರು ಮೀನನ್ನು ತರದಿರುವುದೇ ಒಳಿತು.

ಇನ್ನೊಂದು ಮಾತು ಖಾಡಿಯ ಬಗ್ಗೆ. ಪರಂಗಿಪೇಟೆಯವರು ತಮ್ಮ ಅಳಿವೆಯ ನೀರನ್ನೇ ಬಳಸಿ ಈ ಮೀನಿನ ಸಂತಾನ ಬೆಳೆಸಿದರು. ಡೊಂಬಿವಲಿಯ ಹವ್ಯಾಸಿ ಖಾಡಿಯಿಂದ ಕೂಗಳತೆಯಲ್ಲಿದ್ದುಕೊಂಡೇ ಪೊಟ್ಟಣದ ಉಪ್ಪು ಕೊಂಡು ಕಡಲನ್ನು ಕಲಸುತ್ತಾನೆ, ಏಕೆಂದರೆ ಖಾಡಿಯ ಒಂದು ಕೊಡ ನೀರನ್ನು ತೊಟ್ಟಿಗೆ ಸುರಿಯುವ ಧೈರ್ಯ ಅವನಿಗಿಲ್ಲ. ಅಮೋನಿಯ ಎಷ್ಟು, ನೈಟ್ರೈಟ್ ಎಷ್ಟು ಎಂದು ವಾರವಾರ ತನ್ನ ನೂರು ಲೀಟರನ್ನು ಅಳೆಯುವವನಿಗೆ ಮನೆಯ ಹೊರಗಿನ ನೀರಿನ ಬೆಲೆಯೂ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ನಮ್ಮ ಸಂಘಗಳ ಸಭೆಗಳಲ್ಲಿ ನಾಡುನುಡಿಯ ಚಿಂತೆಯ ಜೊತೆಗೆ ಈ ಊರಿನ ನೀರಿನ ಚಿಂತೆಯೂ ಒಂದು ವಿಷಯವಾಗಲಿ ಎಂಬುದು ನಮ್ಮ ಸೂಚನೆ. ಕಾರ್ಖಾನೆಯ ಕಾಲದಲ್ಲಿ ಈ ನೆಲದ ಅನ್ನ ಉಂಡ ನಾವು, ಖಾಡಿಯ ನೀರಿನ ಲೆಕ್ಕವನ್ನು ಕೋಳಿ, ಆಗ್ರಿ ನೆರೆಯವರೊಬ್ಬರೇ ಕೇಳಲಿ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ.